ತಪ್ಪಲ್ಲ ಅಂದ ಮಾತ್ರಕ್ಕೆ ಸರಿಯೇ?

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಸಭೆಯ ಹುಡುಗರಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಅಂಕಲ್, ಫ್ಯಾಕ್ಟರಿಯಲ್ಲಿ ಕೊಡೋ ಪ್ರಸಾದ ತಿನ್ನಬಹುದಾ?" ಆ ದಿನ ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಮೆಷಿನ್ನುಗಳ ಎಣ್ಣೆ ಒರೆಸಿ, ಕುಂಕುಮವಿಟ್ಟು, ಬಾಳೆಕಂದು ಕಟ್ಟುತ್ತಾರೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ ಮೇಲೆ ಕಡ್ಲೆಪುರಿ, ಸ್ವೀಟು ಎಲ್ಲರ ಕೈಗೂ ಬರುತ್ತದೆ. ರಾಜಾಜಿನಗರ, ಬಸವೇಶ್ವರನಗರದಿಂದ ಅಲ್ಲಿಗೆ ದುಡಿಯಲು ಹೋಗುವ ನಮ್ಮ ಮಕ್ಕಳು ಆ ಗಳಿಗೆಯಲ್ಲೇ ಉತ್ತರ ಕಂಡುಕೊಳ್ಳಬೇಕು.

ಕೊರಿಂಥದಲ್ಲೂ ಇದೇ ತಕರಾರಿತ್ತು. ಅಂಗಡಿಯಲ್ಲಿ ಸಿಕ್ಕ ಮಾಂಸವನ್ನು ಕೆದಕಿ ಕೇಳದೆ ತಿನ್ನಿ ಎಂದ ಪೌಲನೇ, ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಟ್ಟುಬಿಡಿ ಎಂದ. ವಿಗ್ರಹಾರಾಧನೆಯಲ್ಲಿ ಪಾಲ್ಗೊಳ್ಳಬೇಡಿ ಎಂದೂ ಎಚ್ಚರಿಸಿದ. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂಬ ಬುದ್ಧಿಮಾತು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದಲ್ಲಿದೆ. ಆದ್ದರಿಂದ ಮನಸ್ಸು ಹಿಂಜರಿದರೆ ಕೈಮುಗಿದು ಬೇಡ ಎನ್ನಿ. ಮುಖ ಸಿಂಡರಿಸಬೇಡಿ. ಕೊಟ್ಟವರು ಪ್ರೀತಿಯಿಂದ ಕೊಟ್ಟಿದ್ದಾರೆ.

ಮನಸ್ಸಾಕ್ಷಿಗೆ ಹಿಂದಿನವರು ತೆತ್ತ ಬೆಲೆ ಇದಕ್ಕಿಂತ ಬಹಳ ದೊಡ್ಡದು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದರ ಸಭೆ ಸೇರಿದವರಲ್ಲಿ ಎಷ್ಟೋ ಜನರಿಗೆ ಮನೆಯೂ ತಪ್ಪಿತು, ಕುಲಕಸುಬೂ ತಪ್ಪಿತು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ಮಗ್ಗ ಹಾಕಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೆಲಸ ಸಿಗುವ ಭರವಸೆ ಇಲ್ಲದಾಗಲೂ ತಮ್ಮ ಮನಸ್ಸಿಗೆ ಸತ್ಯವೆಂದು ಕಂಡದ್ದನ್ನು ಬಿಡದವರು ಅವರಲ್ಲಿದ್ದರು.

ಇಂದು ನನ್ನನ್ನು ಕಾಡುವುದು ಪ್ರಸಾದವಲ್ಲ, ಫೋನು. ಆನ್‌ಲೈನ್ ರಮ್ಮಿಯನ್ನೇ ನೋಡಿ. ಹಣವಿಟ್ಟು ಆಡುವುದನ್ನು ನಮ್ಮ ರಾಜ್ಯ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮತ್ತೆ ನಿಷೇಧದ ಕಾನೂನು ತಂದಿತು. ನಡುವಿನ ಮೂರೂವರೆ ವರ್ಷ "ಕಾನೂನೇ ಬಿಟ್ಟಿದೆಯಲ್ಲ" ಎಂದು ಆಡಿದವರಿಗೆ ನನ್ನದೊಂದು ಪ್ರಶ್ನೆ: ಮನೆಯ ಬಾಡಿಗೆ ದುಡ್ಡು ಹೋದ ರಾತ್ರಿ ಮನಸ್ಸಾಕ್ಷಿಯೂ ಬಿಟ್ಟಿತ್ತೇ? ಕ್ರಿಸ್ತನು ಕೊಟ್ಟ ಸ್ವಾತಂತ್ರ್ಯ ಕೋರ್ಟಿನ ತೀರ್ಪಿನೊಂದಿಗೆ ಬಂದು ಹೋಗುವಂಥದ್ದಲ್ಲ. ಸಲ್ಲುವುದೆಲ್ಲ ಒಳ್ಳೆಯದಲ್ಲ ಎಂದು ತಿಳಿದು ತಾನಾಗಿ ಕೈ ಹಿಂದೆಗೆಯುವವನೇ ನಿಜವಾಗಿ ಬಿಡುಗಡೆಯಾದವನು.

ಇನ್ನೊಂದು ಮಾತು. ಮನಸ್ಸಾಕ್ಷಿ ಎಂದರೆ "ನನಗೆ ಸರಿ ಅನಿಸಿತು" ಎಂಬ ಹಟವಲ್ಲ. ಅದೂ ತಪ್ಪಬಹುದು, ದಿನಾ ತುಳಿದರೆ ಮರಗಟ್ಟಲೂಬಹುದು. ಸ್ನೇಹಿತನ ಬದಲು ಹಾಜರಿ ಒತ್ತುವುದು, ಹೋಗದ ಆಟೋಗೆ ಬಿಲ್ಲು ಹಾಕುವುದು, ಇಂಥ ಸಣ್ಣವುಗಳಿಂದಲೇ ಅದು ಮರಗಟ್ಟುವುದು. ಸತ್ಯವೇದ ಓದಿ, ಪ್ರಾರ್ಥಿಸಿ, ನಿಮ್ಮನ್ನು ಬೈಯುವಷ್ಟು ಸಲಿಗೆಯಿರುವ ಹಿರಿಯರನ್ನು ಕೇಳಿ. ಕುಡಿತ ಬಿಡಲು ಒದ್ದಾಡುತ್ತಿರುವ ಗೆಳೆಯ ಪಕ್ಕದಲ್ಲಿದ್ದರೆ, ನಿಮಗೆ ಒಂದು ಗ್ಲಾಸು ಏನೂ ಮಾಡದಿದ್ದರೂ ಅವನಿಗಾಗಿ ಮುಟ್ಟಬೇಡಿ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಫೋನು ತೆಗೆದು ತಿಂಗಳ ಲೆಕ್ಕ ನೋಡಿ. ಅಮ್ಮನಿಗೆ ತೋರಿಸಲಾರದ ಖರ್ಚು ಯಾವುದಿದೆಯೋ, ಅದನ್ನು ಅವತ್ತೇ ನಿಲ್ಲಿಸಿ. ಯಾರೂ ಆಜ್ಞೆ ಮಾಡಬೇಕಿಲ್ಲ, ನಿಮ್ಮ ಕೈಲಾಗುತ್ತದೆ.