‘ಕಾಣಲಿಲ್ಲ’ ಎಂಬ ವರದಿ

ಇತಿಹಾಸದ ವಿದ್ಯಾರ್ಥಿಯಾದ ನಾನು ನಕ್ಷತ್ರಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಗೆಳೆಯರು ನಗಬಹುದು. ಆದರೆ ಇತಿಹಾಸಕ್ಕೆ ಸಾಕ್ಷ್ಯವೇ ಪ್ರಾಣ. ಕಂಡವರು ಯಾರು, ಯಾವಾಗ ಕಂಡರು, ಕಂಡದ್ದನ್ನು ಕಂಡಂತೆಯೇ ಬರೆದರೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಶಾಸನಕ್ಕೂ ಹಾಕಬೇಕೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಖಗೋಳಜ್ಞರೂ ಇವೇ ಪ್ರಶ್ನೆಗಳನ್ನು ಕೇಳುತ್ತಾರೆಂದು ತಿಳಿದ ಮೇಲೆ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು.

ಆಕಾಶವು ಮೇಲುನೋಟಕ್ಕೆ ಸ್ಥಿರವಾಗಿ ತೋರುತ್ತದೆ. ಆದರೂ ಧೂಮಕೇತು ದಿನದಿಂದ ದಿನಕ್ಕೆ ಸ್ಥಳ ಬದಲಿಸುತ್ತದೆ. ಹಿಂದೆ ಮಂಕಾಗಿದ್ದ ನಕ್ಷತ್ರವು ಹಠಾತ್ತನೆ ಹೊಳೆದು ನೋವಾ ಎನಿಸಿಕೊಂಡು ಮತ್ತೆ ಕಂದುತ್ತದೆ. ಇಂಥದನ್ನು ಕಂಡವನು ಒಡನೆಯೇ ಉಳಿದವರಿಗೆ ತಿಳಿಸದಿದ್ದರೆ ಅವನು ಕಂಡದ್ದರಿಂದ ಹೆಚ್ಚು ಪ್ರಯೋಜನವಿಲ್ಲ. ಇದಕ್ಕಾಗಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಒಂದು ಕೇಂದ್ರ ತಂತಿ ಕಚೇರಿ ಏರ್ಪಟ್ಟಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕೆಲಸ ಕೋಪನ್‌ಹೇಗನ್ನಿಗೂ 1965ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣಕ್ಕೂ ಹೋಯಿತು. ವರದಿಯಲ್ಲಿ ಕಂಡ ವೇಳೆ, ಆಕಾಶದಲ್ಲಿನ ಸ್ಥಾನ, ಕಾಂತಿ, ಬಳಸಿದ ಉಪಕರಣ, ನೋಡಿದವನ ಹೆಸರು ಇವೆಲ್ಲ ಇರಬೇಕು. ಮತ್ತೊಬ್ಬನು ನೋಡಿ ಹೌದೆಂದ ಮೇಲೆಯೇ ಸುದ್ದಿಗೆ ಬೆಲೆ. ಮೊದಲು ವರದಿ ಮಾಡಿದವರ ಹೆಸರು ಧೂಮಕೇತುವಿಗೆ ಬರುತ್ತದೆ. 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ನಮ್ಮ ದೇಶದ ವೈಣು ಬಾಪು ಛಾಯಾಫಲಕವೊಂದರಲ್ಲಿ ಕಂಡ ಧೂಮಕೇತು ಬಾಪು-ಬಾಕ್-ನ್ಯೂಕರ್ಕ್ ಎಂದು ಹೆಸರಾದದ್ದು ಹೀಗೆ. ಇಂದು ತಂತಿಯ ಕಾಲ ಮುಗಿದಿದೆ. ನಮ್ಮ ದೇಶದಲ್ಲಿ 2013ರಲ್ಲಿ ತಂತಿ ಸೇವೆಯೇ ನಿಂತಿತು. ಈಗ ವರದಿಗಳು ಗಣಕಯಂತ್ರದ ಮೂಲಕ ಕ್ಷಣಮಾತ್ರದಲ್ಲಿ ಹೋಗುತ್ತವೆ. ಆದರೆ ವರದಿಯ ನಿಯಮ ಬದಲಾಗಿಲ್ಲ.

ಈ ನಿಯಮದ ಬೆಲೆಯೇನೆಂಬುದು 1987ರ ಫೆಬ್ರವರಿಯಲ್ಲಿ ಚೆನ್ನಾಗಿ ಗೊತ್ತಾಯಿತು. 24ನೆಯ ತಾರೀಖು ಚಿಲಿ ದೇಶದ ಲಾಸ್ ಕಂಪಾನಾಸ್ ಪರ್ವತದ ಮೇಲೆ ಇಯಾನ್ ಶೆಲ್ಟನ್ ಎಂಬ ತರುಣನು ಹಿರಿಯ ಮೆಗಲಾನಿಕ್ ಮೇಘದ ಚಿತ್ರ ತೆಗೆದು ಫಲಕವನ್ನು ತೊಳೆದು ನೋಡಿದನು. ಇರಬಾರದ ಕಡೆ ಒಂದು ದೊಡ್ಡ ಚುಕ್ಕೆ ಇತ್ತು. ಫಲಕದ ದೋಷವಿರಬಹುದೆಂದು ಶಂಕಿಸಿ ಹೊರಗೆ ಬಂದು ನೋಡಿದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು! ಪಕ್ಕದ ದೂರದರ್ಶಕದಲ್ಲಿ ಕೆಲಸ ಮಾಡುತ್ತಿದ್ದ ಆಸ್ಕರ್ ದುಹಾಲ್ದೆ ಅದೇ ರಾತ್ರಿ ಹೊರಗೆ ಬಂದಾಗ ಅದನ್ನು ಕಂಡಿದ್ದನು. ಆದರೆ ಯಾರಿಗೂ ಹೇಳಿರಲಿಲ್ಲ. ಸುಮಾರು 1,68,000 ಜ್ಯೋತಿರ್ವರ್ಷಗಳ ದೂರದಲ್ಲಿ ಒಂದು ಮಹಾತಾರೆ ಸಿಡಿದಿತ್ತು. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಇಂಥ ಸೂಪರ್‌ನೋವಾ 1604ರ ಮೇಲೆ ಇದೇ ಮೊದಲನೆಯದು.

ಸುದ್ದಿ ಹರಡಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಹಳೆಯ ಫಲಕಗಳನ್ನೂ ಟಿಪ್ಪಣಿಗಳನ್ನೂ ತೆಗೆದು ನೋಡಿದರು. ಆಸ್ಟ್ರೇಲಿಯಾದ ರಾಬರ್ಟ್ ಮೆಕ್‌ನಾಟ್ ಹಿಂದಿನ ದಿನವೇ, ಎಂದರೆ 23ರಂದು, ವಿಶ್ವಕಾಲ 10 ಗಂಟೆ 38 ನಿಮಿಷಕ್ಕೆ ಆ ಭಾಗದ ಚಿತ್ರ ತೆಗೆದಿದ್ದನು. ವಿಶ್ವಕಾಲವೆಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಕಾಲ. ಆ ಚಿತ್ರದಲ್ಲಿ ಹೊಸ ನಕ್ಷತ್ರವಿತ್ತು; ಆದರೆ ಅವನು ಅದನ್ನು ಪರೀಕ್ಷಿಸಿರಲಿಲ್ಲ.

ನನ್ನ ಮನಸ್ಸನ್ನು ಸೆಳೆದದ್ದು ಇನ್ನೊಬ್ಬನ ಟಿಪ್ಪಣಿ. ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ ಹವ್ಯಾಸಿ ವೀಕ್ಷಕ. ಕಾಂತಿ ಏರಿಳಿಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿಯೂ ನೋಡಿ ಬರೆದಿಡುವುದು ಅವನ ನಿತ್ಯವ್ರತವಾಗಿತ್ತು. 1946ರಲ್ಲಿ ಒಂದು, 2000ದಲ್ಲಿ ಮತ್ತೊಂದು ಧೂಮಕೇತುವನ್ನೂ ಅವನು ಕಂಡುಹಿಡಿದನು. ಅದೇ 23ರಂದು 9 ಗಂಟೆ 22 ನಿಮಿಷಕ್ಕೆ ಅವನು ಆ ಜಾಗವನ್ನೇ ನೋಡಿದ್ದನು. ಅಲ್ಲಿ 7.5ನೆಯ ಕಾಂತಿಮಾನಕ್ಕಿಂತ ಉಜ್ಜ್ವಲವಾದ ಹೊಸದೇನೂ ಅವನಿಗೆ ಕಾಣಲಿಲ್ಲ. (ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು, ಬರಿಗಣ್ಣಿಗೆ 6 ಸಾಮಾನ್ಯವಾಗಿ ಕೊನೆಯ ಮಿತಿ.) ಮರುದಿನ ರಾತ್ರಿ ಅವನೂ ಹೊಸ ತಾರೆಯನ್ನು ಸ್ವತಂತ್ರವಾಗಿ ಕಂಡು ವರದಿ ಮಾಡಿದನು.

ಏನೂ ಕಾಣದ ಆ ನೋಟದಿಂದ ಏನು ಲಾಭ? ಜಪಾನಿನ ಕಮಿಯೋಕಾ ಗಣಿಯಲ್ಲಿಯೂ ಅಮೆರಿಕದ ಓಹಾಯೋ ಪ್ರಾಂತದ ಉಪ್ಪಿನ ಗಣಿಯಲ್ಲಿಯೂ ನೀರು ತುಂಬಿದ ದೊಡ್ಡ ತೊಟ್ಟಿಗಳಿದ್ದವು. 23ರಂದು 7 ಗಂಟೆ 35 ನಿಮಿಷದ ಸುಮಾರಿಗೆ ಕೆಲವೇ ಸೆಕೆಂಡುಗಳಲ್ಲಿ ಮೊದಲನೆಯದರಲ್ಲಿ 11, ಎರಡನೆಯದರಲ್ಲಿ 8 ನ್ಯೂಟ್ರಿನೋಗಳ ಗುರುತು ಬಿದ್ದಿತ್ತು. ತಾರೆಯ ಗರ್ಭ ಕುಸಿದಾಗ ಹುಟ್ಟುವ ಈ ಕಣಗಳು ತಡೆಯಿಲ್ಲದೆ ಹೊರಬೀಳುತ್ತವೆ. ಬೆಳಕಾದರೋ ಸ್ಫೋಟದ ಅಲೆ ತಾರೆಯ ಮೇಲ್ಮೈಯನ್ನು ಮುಟ್ಟುವವರೆಗೂ ಕಾಯಬೇಕು. ತಾರೆ ದೊಡ್ಡದಾದಷ್ಟೂ ಈ ಕಾಯುವಿಕೆ ದೀರ್ಘ. ಕೆಂಪು ಮಹಾತಾರೆಯಾಗಿದ್ದರೆ ಸುಮಾರು ಒಂದು ದಿನವೇ ಬೇಕಾಗುತ್ತಿತ್ತು. ಇಲ್ಲಿ 7.35ಕ್ಕೆ ಗರ್ಭ ಕುಸಿಯಿತು, 9.22ಕ್ಕೆ ಜೋನ್ಸನಿಗೆ ಏನೂ ಕಾಣಲಿಲ್ಲ, 10.38ಕ್ಕೆ ಮೆಕ್‌ನಾಟನ ಫಲಕದಲ್ಲಿ ತಾರೆ ಬೆಳಗುತ್ತಿತ್ತು. ಸಿಡಿದದ್ದು ಅದಕ್ಕಿಂತ ಚಿಕ್ಕದಾದ ನೀಲಿ ತಾರೆಯೆಂಬುದಕ್ಕೆ ಈ ಕಾಲಕ್ರಮ ಹೊಂದಿಕೆಯಾಯಿತು. ಸ್ಫೋಟವನ್ನು ಲೆಕ್ಕಹಾಕುವವರು ಈ ಮೂರು ವೇಳೆಗಳಿಗೂ ಉತ್ತರ ಕೊಡಬೇಕಾಯಿತು. ‘ಕಾಣಲಿಲ್ಲ’ ಎಂಬ ಮಾತೂ ಕಂಡ ಮಾತಿನಷ್ಟೇ ಭದ್ರವಾದ ಸಾಕ್ಷಿಯಾಗಿ ನಿಂತಿತು. ಕಮಿಯೋಕಾದ ಗಡಿಯಾರದಲ್ಲಿ ಒಂದು ನಿಮಿಷದಷ್ಟು ಸಂದೇಹವಿದ್ದುದನ್ನೂ ಅಲ್ಲಿಯವರು ಮುಚ್ಚಿಡದೆ ಹೇಳಿದರು.

ಇದನ್ನು ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಪಿ.ಯು. ತರಗತಿಯಲ್ಲಿ ಲೋಲಕದ ಪ್ರಯೋಗ ಮಾಡುವಾಗ ಒಂದು ಅಳತೆ ನನಗೆ ಸರಿಯಾಗಿ ಬರಲಿಲ್ಲ. ರೇಖೆ ನೆಟ್ಟಗೆ ಬರುವಂತೆ ಅಂಕಿಯೊಂದನ್ನು ನಾನೇ ಕಲ್ಪಿಸಿ ಬರೆದೆ. ಪುಸ್ತಕಕ್ಕೆ ಸಹಿಯೂ ಬಿತ್ತು, ಅಂಕವೂ ಸಿಕ್ಕಿತು. ನನ್ನ ದಾರದ ಗಂಟು ಜಾರಿತ್ತೋ, ಎಣಿಕೆ ತಪ್ಪಿತ್ತೋ, ಅದನ್ನು ತಿಳಿಯುವ ದಾರಿಯನ್ನು ಮಾತ್ರ ನಾನೇ ಮುಚ್ಚಿಬಿಟ್ಟೆ. ಜೋನ್ಸ್ ಆ ರಾತ್ರಿ ನೋಡದೆಯೇ ‘ಎಂದಿನಂತೆ’ ಎಂದು ಬರೆದಿದ್ದರೆ ಅಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ. ಆದರೆ ಆ ಬರಹವನ್ನು ನಂಬಿದವರ ಲೆಕ್ಕವೆಲ್ಲ ಟೊಳ್ಳಾಗುತ್ತಿತ್ತು.

ನಾಳೆ ನಮ್ಮಲ್ಲಿ ಕೆಲವರು ಜನಗಣತಿಗೆ ಮನೆಮನೆಗೆ ಹೋಗಬಹುದು, ಕೆಲವರು ಹಳ್ಳಿಯಲ್ಲಿ ಮಳೆಯ ಅಳತೆ ಬರೆಯಬಹುದು, ಕೆಲವರು ಪತ್ರಿಕೆಗೆ ಸುದ್ದಿ ಕಳುಹಿಸಬಹುದು. ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಕಾಣಲಿಲ್ಲವೆಂದು, ವೇಳೆಯ ಸಮೇತ ಬರೆಯುವ ಅಭ್ಯಾಸವನ್ನು ನಾವು ಈ ಕಾಲೇಜಿನಲ್ಲಿರುವಾಗಲೇ ಮಾಡಿಕೊಳ್ಳಬೇಕು. ಅದಕ್ಕೆ ದೂರದರ್ಶಕ ಬೇಕಿಲ್ಲ.