ಕೊಡದ ದೇಣಿಗೆಗೆ ಬಂದ ರೀಫಂಡು

ದೆಹಲಿಯ ಲೋಧಿ ಕಾಲೋನಿಯ ಗೋಡೆಚಿತ್ರಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರಿಗೆ, ಅದೇ ಗೋಡೆಗಳ ಹಿಂದಿನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಜುಲೈ ತಿಂಗಳು ಹೇಗೆ ಕಳೆಯುತ್ತದೆಂದು ಗೊತ್ತಿರುವುದಿಲ್ಲ. ಫಾರಂ 16 ಕೈಗೆ ಬಂದಿರುತ್ತದೆ. ಖನ್ನಾ ಮಾರ್ಕೆಟ್ಟಿನಲ್ಲಿ ಚಹಾ ಕುಡಿಯುವಾಗಲೂ ‘ನಿಂಗೆಷ್ಟು ವಾಪಸ್ ಬಂತು?’ ಎಂಬುದೇ ಮಾತು.

2025ರ ಜುಲೈನಲ್ಲಿ ನಮ್ಮ ಬ್ಲಾಕಿನ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಬಾಗಿಲು ತಟ್ಟಿದರು. ವಿಜಯಪುರ ಜಿಲ್ಲೆಯವರು, ದೆಹಲಿ ಪೊಲೀಸ್ ಸೇರಿ ಹದಿನೇಳು ವರ್ಷ. ನಾನು ಲೆಕ್ಕಪತ್ರ ವಿಭಾಗದಿಂದ ನಿವೃತ್ತನಾದವನೆಂದು ಅವರಿಗೆ ಗೊತ್ತು. ‘ಸರ, ಪೇಪರ್‌ನ್ಯಾಗ ಏನೇನೋ ಬಂದೈತ್ರಿ. ಹೋದ ವರ್ಷದ ನನ್ನ ರಿಟರ್ನ್ ಒಮ್ಮೆ ನೋಡ್ರಿ’ ಎಂದರು.

ಅವರು ಹೇಳಿದ ಸುದ್ದಿ ಜುಲೈ 14ರದು. ಸುಳ್ಳು ವಿನಾಯಿತಿಗಳ ಜಾಡು ಹಿಡಿದು ಆದಾಯ ತೆರಿಗೆ ಇಲಾಖೆ ಅಂದು ದೇಶದ 150 ಕಡೆ ಪರಿಶೀಲನೆ ನಡೆಸಿತ್ತು. ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ, ₹1,045 ಕೋಟಿಯ ಸುಳ್ಳು ಕ್ಲೇಮುಗಳನ್ನು ಹಿಂದೆ ಪಡೆದಿದ್ದರೆಂದು ಇಲಾಖೆ ಹೇಳಿತ್ತು.

ರಿಟರ್ನ್ ತೆರೆದೆವು. ಹಳೆಯ ತೆರಿಗೆ ಪದ್ಧತಿ, ಒಟ್ಟು ಸಂಬಳ ₹9 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ ₹50,000, 80ಸಿ ಅಡಿ ₹1.5 ಲಕ್ಷ. ಎನ್‌ಪಿಎಸ್, ಎಲ್‌ಐಸಿ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಓದುವ ಮಗಳ ಫೀಸು, ಎಲ್ಲವೂ ನಿಜವೇ. ಅದರ ಕೆಳಗೆ 80ಜಿಜಿಸಿ: ರಾಜಕೀಯ ಪಕ್ಷಕ್ಕೆ ದೇಣಿಗೆ, ₹1 ಲಕ್ಷ.

ಅವರ ಮುಖ ಬಿಳಿಚಿತು. ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟವರಲ್ಲ. ಕೊಡುವಂತೆಯೂ ಇಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 5ನೇ ನಿಯಮ, ನೌಕರ ರಾಜಕೀಯ ಚಟುವಟಿಕೆಗೆ ಚಂದಾ ಕೊಡುವುದನ್ನೇ ನಿಷೇಧಿಸುತ್ತದೆ. ಅಂದರೆ ಕ್ಲೇಮು ಸುಳ್ಳಾದರೆ ತೆರಿಗೆ ಇಲಾಖೆಗೆ ಉತ್ತರ ಕೊಡಬೇಕು, ನಿಜವೆಂದು ವಾದಿಸಿದರೆ ತನ್ನದೇ ಇಲಾಖೆಗೆ!

ಸಹೋದ್ಯೋಗಿಗಳು ತೋರಿಸಿದ ಏಜೆಂಟನೊಬ್ಬ ಇದನ್ನು ಸೇರಿಸಿ ₹20,800 ರೀಫಂಡು ಕೊಡಿಸಿದ್ದ, ಕಮಿಷನ್ ಎಂದು ₹2,000 ಇಸಿದುಕೊಂಡಿದ್ದ. ಈಗ ಅವನ ಫೋನು ಸ್ವಿಚ್ ಆಫ್. ಪೋರ್ಟಲ್‌ನಲ್ಲಿ ಇದ್ದ ಇಮೇಲ್ ವಿಳಾಸವೂ ಅವನು ಸೃಷ್ಟಿಸಿದ್ದೇ. ಇಂಥ ಏಜೆಂಟರು ತಾತ್ಕಾಲಿಕ ಇಮೇಲ್‌ಗಳಿಂದ ರಾಶಿಗಟ್ಟಲೆ ರಿಟರ್ನ್ ಸಲ್ಲಿಸಿ ಆಮೇಲೆ ಅವನ್ನು ಕೈಬಿಡುತ್ತಾರೆ, ನೋಟಿಸುಗಳು ಯಾರೂ ಓದದೆ ಬಿದ್ದಿರುತ್ತವೆ ಎಂದು ಇಲಾಖೆಯ ಪ್ರಕಟಣೆಯಲ್ಲೂ ಇತ್ತು.

ರಿಟರ್ನ್ ಪರಿಷ್ಕರಿಸುವ ಗಡುವು 2025ರ ಜನವರಿ 15ಕ್ಕೇ ಮುಗಿದಿತ್ತು. ಉಳಿದದ್ದು ಐಟಿಆರ್-ಯು, ಅಂದರೆ ಗಡುವು ಮೀರಿದ ಮೇಲೆ ತಪ್ಪು ತಿದ್ದಿ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್. ₹20,800 ಮರಳಿ ಕಟ್ಟಬೇಕು, ಬಡ್ಡಿ ಬೇರೆ, ಎರಡೂ ಸೇರಿದ ಮೊತ್ತದ ಮೇಲೆ ಶೇ 25 ಹೆಚ್ಚುವರಿ. ಬಡ್ಡಿ ಬಿಟ್ಟರೂ ₹26,000. ಇಲಾಖೆಯೇ ಹಿಡಿದಿದ್ದರೆ, ತಪ್ಪು ಮಾಹಿತಿಗೆ ದಂಡವೇ ತೆರಿಗೆಯ ಎರಡು ಪಟ್ಟು. ಅವರು ಮಾತಾಡದೆ ಕಟ್ಟಿದರು.

ನಂತರ 2024-25ರ ರಿಟರ್ನಿಗೆ ಕೂತೆವು. ಪೊಲೀಸರಿಗೆಂದೇ ವಿಶೇಷ ವಿನಾಯಿತಿ ಉಂಟೆಂಬ ಮಾತು ಠಾಣೆಗಳಲ್ಲಿ ಹರಿದಾಡುತ್ತದೆ. ಲೆಕ್ಕ ಹಾಕಿದರೆ ಸಿಗುವುದು ಅಲ್ಪ. ಕ್ವಾರ್ಟರ್ಸ್‌ನಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆಯೇ ಇಲ್ಲ, ಅದರ ವಿನಾಯಿತಿ ಎಲ್ಲಿಂದ ಬರಬೇಕು? ಸಮವಸ್ತ್ರ ಭತ್ಯೆಗೆ ಹಳೆಯ ಪದ್ಧತಿಯಲ್ಲಿ ಮಾತ್ರ ವಿನಾಯಿತಿ, ಅದೂ ನಿಜವಾಗಿ ಖರ್ಚು ಮಾಡಿದಷ್ಟಕ್ಕೆ. ಟೈಲರ್ ಬಿಲ್ಲು, ಬೂಟಿನ ಬಿಲ್ಲು ಅವರು ಯಾವತ್ತೂ ಇಟ್ಟವರಲ್ಲ. ಮಕ್ಕಳ ಶಿಕ್ಷಣ ಭತ್ಯೆಗಂತೂ ಆ ವರ್ಷ ಇದ್ದದ್ದು ಮಗುವಿಗೆ ತಿಂಗಳಿಗೆ ₹100!

ಎರಡೂ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟೆವು. ₹9.4 ಲಕ್ಷ ಸಂಬಳಕ್ಕೆ ಹಳೆಯದರಲ್ಲಿ, ಎನ್‌ಪಿಎಸ್‌ನ ಹೆಚ್ಚುವರಿ ₹50,000 ಕಳೆದ ಮೇಲೂ, ₹52,520. ಹೊಸದರಲ್ಲಿ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ₹37,960. ಸುಳ್ಳಿಲ್ಲದೆಯೇ ₹14,560 ಉಳಿಯಿತು. ‘ಇಷ್ಟು ಸಸಾರ ಐತೇನ್ರಿ ಸರ?’ ಎಂದು ಅವರು ಕೇಳಿದಾಗ ನನಗೂ ನಾಚಿಕೆಯಾಯಿತು. ಇಷ್ಟು ವರ್ಷ ಒಂದೇ ಬ್ಲಾಕಿನಲ್ಲಿದ್ದು ಈ ಅರ್ಧ ಗಂಟೆಯ ಕೆಲಸವನ್ನು ನಾನೂ ಕಲಿಸಿರಲಿಲ್ಲ.

2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ₹12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಬಹುತೇಕ ಕಾನ್ಸ್‌ಟೇಬಲ್, ಹೆಡ್ ಕಾನ್ಸ್‌ಟೇಬಲ್‌ಗಳು ಈ ಮಿತಿಯೊಳಗೇ ಬರುತ್ತಾರೆ. ಆದರೂ ರಿಟರ್ನ್ ಸಲ್ಲಿಸಬೇಕು, ಹಳೆಯ ವರ್ಷಗಳ ನೋಟಿಸುಗಳೂ ಬರಬಹುದು. ಬೇರೆಯವರಿಂದ ರಿಟರ್ನ್ ಹಾಕಿಸಿದವರು ಇವತ್ತೇ ಇ-ಫೈಲಿಂಗ್ ಪೋರ್ಟಲ್ ತೆರೆದು, ಅಲ್ಲಿರುವ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ತಮ್ಮದೇ ಹೌದೋ ಅಲ್ಲವೋ ನೋಡಿಕೊಳ್ಳಿ.