ದೂರದ ಸವಾರಿಗೆ ಮೂರು ಗಂಟು

ಸ್ಕೂಟರಿನಲ್ಲಿ ಆಫ್ರಿಕಾ ದಾಟುವ ಆಸೆ ಇದೆ ಎಂದರೆ ಎಲ್ಲರೂ ಮೊದಲು ಕೇಳುವುದು ಪೆಟ್ರೋಲಿನ ಲೆಕ್ಕ. ಇಡೀ ಪಟ್ಟಿಯಲ್ಲಿ ಅದೇ ಚಿಕ್ಕ ಬಾಬ್ತು. ಅಟ್ಟಾರಿ ಗಡಿ 2025ರ ಏಪ್ರಿಲ್‌ನಲ್ಲಿ ಮುಚ್ಚಿದ ಮೇಲೆ ನಾನು ಪಾಕಿಸ್ತಾನದ ಮೂಲಕ ಹೋಗುವ ವಿಚಾರ ಬಿಟ್ಟು ಸಮುದ್ರದ ದಾರಿ ಹಿಡಿದೆ: ಬೆಂಗಳೂರಿನಿಂದ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರು, ಹಡಗಿನಲ್ಲಿ ಕೀನ್ಯಾದ ಮೊಂಬಾಸಾ, ಆಮೇಲೆ ತಾಂಜಾನಿಯಾ, ಜಾಂಬಿಯಾ, ನಮೀಬಿಯಾ ಹಾದು ಕೇಪ್‌ಟೌನ್. ಎಲ್ಲ ದೇಶಗಳಲ್ಲೂ ನಮ್ಮಂತೆಯೇ ರಸ್ತೆಯ ಎಡಬದಿಯ ಸಂಚಾರ. ಆಫ್ರಿಕಾದ ನೆಲದ ಮೇಲೆ ಸುಮಾರು 6,500 ಕಿ.ಮೀ. ನನ್ನ 125 ಸಿ.ಸಿ. ಸ್ಕೂಟರು ಲೀಟರಿಗೆ 40 ಕಿ.ಮೀ. ಕೊಟ್ಟರೆ, ಪೆಟ್ರೋಲಿಗೆ ₹110 ಎಂದು ಹಿಡಿದರೂ ಖರ್ಚು ₹18,000 ದಾಟುವುದಿಲ್ಲ.

ಈ ಸವಾರಿಗೆ ನಾನು ಜೋಡಿಸಿಕೊಂಡಿರುವುದು ಮಲೆನಾಡಿನ ಒಂದು ಕಿವುಡ ಮಕ್ಕಳ ಶಾಲೆಯನ್ನು. ಅಲ್ಲಿಗೆ ಶ್ರವಣಯಂತ್ರ ಕೊಡಿಸುವ ದಾನಿಗಳು ಆಗಾಗ ಬರುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಕಿವಿಯೊಳಗೆ ಕೂರುವ ಅಚ್ಚನ್ನು ಮತ್ತೆ ಮತ್ತೆ ಹೊಸದಾಗಿ ಮಾಡಿಸಬೇಕು. ಸಡಿಲವಾದರೆ ಯಂತ್ರ ಕುಂಯ್ ಎಂದು ಕೂಗುತ್ತದೆ, ಮಗು ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತದೆ. ಬ್ಯಾಟರಿಯೂ ಮುಗಿಯುತ್ತಲೇ ಇರುತ್ತದೆ. ಈ ಮರುಕಳಿಸುವ ಖರ್ಚಿಗೆ ದಾನಿಗಳು ಸಿಗುವುದು ಕಷ್ಟ. ನನಗೆ ಬೇಕಾಗಿರುವುದು ಅಂಥವರೇ.

ಇಂಥ ಯೋಜನೆಯ ಹಣವನ್ನು ಮೂರು ಗಂಟು ಕಟ್ಟಬೇಕು ಎಂಬುದು ಲೆಕ್ಕ ಹಾಕುತ್ತಾ ಹೋದಂತೆ ನನಗೆ ಖಚಿತವಾಯಿತು: ಖರ್ಚಾಗುವ ಹಣ, ಒತ್ತೆ ಇಡುವ ಹಣ, ಅನ್ಯರ ಹಣ.

ಖರ್ಚಾಗುವ ಹಣದಲ್ಲಿ ಎಚ್ಚರ ಬೇಕಾದದ್ದು ಸಾಗಣೆಗೆ. ಏಜೆಂಟರು ಕೊಡುವ ದರ ಘನ ಮೀಟರಿನ ಲೆಕ್ಕದಲ್ಲಿರುತ್ತದೆ. ಹಾಗಾಗಿ ಮುಂದಿನ ಚಕ್ರ, ಕನ್ನಡಿ ಬಿಚ್ಚಿಟ್ಟರೆ ಪೆಟ್ಟಿಗೆ ಚಿಕ್ಕದಾಗಿ ಹಣ ಉಳಿಯುತ್ತದೆ. ಟ್ಯಾಂಕ್ ಬರಿದಾಗಬೇಕು, ಬ್ಯಾಟರಿ ತಂತಿ ಕಳಚಬೇಕು, ಪೆಟ್ಟಿಗೆಯ ಮರಕ್ಕೆ ಕೀಟ ಮುಕ್ತ ಎಂಬ ಐಎಸ್‌ಪಿಎಂ 15 ಮುದ್ರೆ ಬೇಕು. ನನ್ನ ಕೈಗೆ ಬಂದ ಮೊದಲ ಕೊಟೇಶನ್ನಿನಲ್ಲಿ ಸಮುದ್ರದ ಬಾಡಿಗೆ ಆಶ್ಚರ್ಯವಾಗುವಷ್ಟು ಕಡಿಮೆ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ, ಇಳಿಯುವ ಬಂದರಿನ ವೆಚ್ಚ ಪ್ರತ್ಯೇಕ ಎಂದಿತ್ತು. ಡೆಲಿವರಿ ಆರ್ಡರ್, ಬಂದರು ಶುಲ್ಕ, ಕಸ್ಟಮ್ಸ್ ಏಜೆಂಟರ ಶುಲ್ಕ, ಉಚಿತ ದಿನ ಕಳೆದ ಮೇಲೆ ದಿನಬಾಡಿಗೆ ಎಲ್ಲ ಸೇರಿದರೆ ಹಡಗಿನ ಬಾಡಿಗೆಯನ್ನೇ ಮೀರಬಹುದು. ಎರಡೂ ತುದಿಯ ಖರ್ಚನ್ನು ಬರವಣಿಗೆಯಲ್ಲಿ ಕೊಡದ ಏಜೆಂಟರಿಗೆ ಮುಂಗಡ ಕೊಡಬೇಡಿ. ವಿಮೆಯ ಮಾತೂ ಇಲ್ಲೇ ಬರುತ್ತದೆ. ನಮ್ಮ ವಾಹನ ವಿಮೆ ಅಲ್ಲಿ ನಡೆಯುವುದಿಲ್ಲ. ಕೀನ್ಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ಥರ್ಡ್ ಪಾರ್ಟಿ ವಿಮೆಗೆ ಕೊಮೆಸಾ ಹಳದಿ ಕಾರ್ಡ್ ಇದೆ. ಪ್ರಯಾಣ ವಿಮೆ ಕೊಳ್ಳುವಾಗ ದ್ವಿಚಕ್ರ ಸವಾರಿಯ ಅಪಘಾತಕ್ಕೆ ರಕ್ಷಣೆ ಇದೆಯೇ ಎಂಬ ಷರತ್ತನ್ನು ಮೊದಲು ಓದಿ.

ಒತ್ತೆಯ ಹಣ ಎಂದರೆ ಕಾರ್ನೆಟ್. ವಾಹನವನ್ನು ಪರದೇಶದಲ್ಲಿ ಸುಂಕ ಕಟ್ಟದೆ ಮಾರಿಬಿಡುವುದಿಲ್ಲ ಎಂಬುದಕ್ಕೆ ಇದು ಖಾತರಿ ಪುಸ್ತಕ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ, ಒಂದು ವರ್ಷದ ಅವಧಿಗೆ. ಭದ್ರತೆಗೆ ಬ್ಯಾಂಕ್ ಗ್ಯಾರಂಟಿ ಬೇಕು, ಅದರ ಮೊತ್ತ ವಾಹನದ ಬೆಲೆಯ ಮೇಲೆ ನಿಂತಿದೆ. ಸ್ಕೂಟರಿನ ದೊಡ್ಡ ಲಾಭ ಇರುವುದು ಇಲ್ಲಿ: ಹದಿನೈದು ಲಕ್ಷದ ಬೈಕಿಗೆ ಹೋಲಿಸಿದರೆ ಒಂದು ಲಕ್ಷದ ಸ್ಕೂಟರಿಗೆ ಕಟ್ಟಿಹಾಕುವ ಹಣ ತೀರ ಕಡಿಮೆ. ಗ್ಯಾರಂಟಿಗೆ ಬ್ಯಾಂಕು ಠೇವಣಿಯನ್ನು ಒತ್ತೆ ಇಟ್ಟುಕೊಳ್ಳುತ್ತದೆ. ಬಡ್ಡಿ ಬರುತ್ತಿರುತ್ತದೆ, ಆದರೆ ಅಸಲು ಮುಟ್ಟುವಂತಿಲ್ಲ. ಆದ್ದರಿಂದ ಮನೆಯ ಆಪತ್ಕಾಲದ ಠೇವಣಿಯನ್ನು ಇದಕ್ಕೆ ಕೊಡಲೇಬಾರದು. ಒಂದು ದೇಶದ ನಿರ್ಗಮನ ಮುದ್ರೆ ತಪ್ಪಿದರೂ ಆ ದೇಶ ಸುಂಕ ಕೇಳಬಹುದು. ಕೇಪ್‌ಟೌನಿನಲ್ಲಿ ಸ್ಕೂಟರು ಮಾರಿ ವಿಮಾನ ಹತ್ತುತ್ತೇನೆ ಎನ್ನುವ ಲೆಕ್ಕಾಚಾರವೂ ಕೂಡದು. ವಾಪಸಿನ ಹಡಗಿನ ಖರ್ಚು ಮೊದಲ ದಿನವೇ ಪಟ್ಟಿಯಲ್ಲಿರಬೇಕು.

ಮೂರನೆಯದು ಅನ್ಯರ ಹಣ. ನನ್ನ ಮಟ್ಟಿಗೆ ಇದರ ನಿಯಮ ಒಂದೇ: ಅದು ನನ್ನ ಕೈ ಹಾಯಬಾರದು. ಸ್ನೇಹಿತರು ‘ನಿನ್ನ ನಂಬರಿಗೇ ಹಾಕಿಬಿಡುತ್ತೇವೆ’ ಎನ್ನುತ್ತಾರೆ. ಅದು ಪ್ರೀತಿಯ ಮಾತು, ಆದರೆ ಅಪಾಯದ ದಾರಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ ಒಟ್ಟು ₹50,000 ಮೀರಿದರೆ, ಪೂರ್ತಿ ಮೊತ್ತಕ್ಕೆ ನಾನು ತೆರಿಗೆ ಕಟ್ಟಬೇಕಾಗಬಹುದು. ದಾನಿಗೆ ರಸೀದಿಯೂ ಇಲ್ಲ. ಮಾನ್ಯತೆ ಇರುವ ಸಂಸ್ಥೆಗೆ ನೇರವಾಗಿ ಕೊಟ್ಟರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಉಂಟು. ₹2,000 ಮೀರಿದ ನಗದಿಗೆ ಮಾತ್ರ ಇಲ್ಲ.

ಖಂಡ ದಾಟುವವರಿಗೆ ಇನ್ನೊಂದು ಕಾನೂನು ಅಡ್ಡ ಬರುತ್ತದೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ವಿದೇಶಿ ಪ್ರಜೆಯ ದೇಣಿಗೆ ಪಡೆಯುವಂತಿಲ್ಲ. ಇದ್ದರೂ, 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಲಂಡನ್ನಿನಲ್ಲಿರುವ ಕನ್ನಡಿಗ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಬ್ರಿಟಿಷ್ ಪ್ರಜೆಯಾಗಿದ್ದರೆ, ಒಸಿಐ ಕಾರ್ಡ್ ಇದ್ದರೂ, ಆ ಹಣ ವಿದೇಶಿ ದೇಣಿಗೆಯೇ. ನಮ್ಮ ಶಾಲೆಗೆ ಈ ನೋಂದಣಿ ಇಲ್ಲ. ಹಾಗಾಗಿ ದಾರಿಯಲ್ಲಿ ಯಾರಾದರೂ ಕರುಣೆಯಿಂದ ನೋಟು ಚಾಚಿದರೆ, ನಿಮ್ಮ ಊರಿನ ಶಾಲೆಗೇ ಕೊಡಿ ಎಂದು ಕೈಮುಗಿಯುವುದೆಂದು ನಿರ್ಧರಿಸಿದ್ದೇನೆ.

ಅಷ್ಟೆಲ್ಲ ಖರ್ಚಿನ ಹಣವನ್ನೇ ಶಾಲೆಗೆ ಕೊಟ್ಟುಬಿಡಬಾರದೇ? ಮನೆಯಲ್ಲೇ ಕೇಳಿದ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಸವಾರಿ ನನ್ನ ಆಸೆ. ಸೇವೆಯ ಹೆಸರಿಟ್ಟ ಮಾತ್ರಕ್ಕೆ ಅದರ ಖರ್ಚನ್ನು ಬೇರೆಯವರ ತಲೆಗೆ ಕಟ್ಟುವ ಹಕ್ಕು ನನಗಿಲ್ಲ. ಪ್ರತಿ ರೂಪಾಯಿಯೂ ನನ್ನ ಉಳಿತಾಯದ್ದೇ ಆಗಬೇಕು. ಅದರ ಜೊತೆಗೆ ಒಂದು ಷರತ್ತು ಹಾಕಿಕೊಂಡಿದ್ದೇನೆ: ಸವಾರಿಗೆ ತಗಲುವಷ್ಟು ಮೊತ್ತ, ಕನಿಷ್ಠ ಅಷ್ಟಾದರೂ, ಮೊದಲು ದಾನಿಗಳಿಂದ ಶಾಲೆಯ ಖಾತೆಗೆ ಬಂದಿರಬೇಕು. ಸಾಧ್ಯವಾದಷ್ಟೂ ತಿಂಗಳ ಕಂತಿನಲ್ಲಿ, ನಾನು ಮರಳಿ ಬಂದ ಮೇಲೂ ನಿಲ್ಲದ ಹಾಗೆ. ಶಾಲೆಯ ಲೆಕ್ಕಪತ್ರದಲ್ಲಿ ಆ ಮೊತ್ತ ಕಾಣುವವರೆಗೆ ಹಡಗಿನಲ್ಲಿ ಜಾಗ ಕಾದಿರಿಸುವುದಿಲ್ಲ. ಇಂಥದ್ದೊಂದು ಸವಾರಿಯ ಕನಸು ನಿಮಗೂ ಇದ್ದರೆ, ನಕ್ಷೆ ಬಿಡಿಸುವ ಮುಂಚೆ ನಿಮ್ಮ ಷರತ್ತನ್ನು ಬರೆದು ಸಂಸ್ಥೆಯವರ ಕೈಗೆ ಕೊಡಿ.